ಕೀಲಿ ಬೇರೆ, ಕೀಲಿಕೈ ಬೇರೆ ಸ್ವಾಮೀ...

ಬ್ಲಾಗಿನ ಕಡೆ ತಲೆ ಹಾಕಿ ಬಹಳ ದಿನ ಆಗಿತ್ತು. ಬರೀಬೇಕು ಅಂದ್ಕೊಂಡಿದ್ದ ವಿಷಯವೇ ಬೇರೆ (ಉಜ್ಜಿನಿ ದೇವಸ್ಥಾನದ ಫೋಟೋಗಳು ಇನ್ನೂ ಕ್ಯಾಮೆರಾದಲ್ಲೇ ಕೂತಿವೆ, ಕೇಳಿದವರು ಕ್ಷಮಿಸಿ). ಆದರೆ ಹೋದ ವಾರ ಬ್ಲಾಗ್ ಗೆಳೆಯರೊಬ್ಬರು ಬರೆದ ಒಂದು ಸಾಲು ತಲೆಯಿಂದ ಇಳೀತಾನೇ ಇಲ್ಲ. ತಮ್ಮೂರಿನ ಕನ್ನಡ ಬಳಗಕ್ಕೆ ಸ್ವಂತ ಜಾಲತಾಣ ಮಾಡಿದ ಖುಷಿಯನ್ನ ಅವರು ಹಂಚಿಕೊಂಡಿದ್ದರು. ಬಹಳ ಸಂತೋಷ. ಆದರೆ ಕೊನೆಯಲ್ಲಿ ಹೀಗೆ ಬರೆದಿದ್ದರು: "ನಾವು ಎಂಟು ಜನಕ್ಕೂ ಒಂದೇ ಪಾಸ್‌ವರ್ಡ್. ಯಾರು ಬೇಕಾದ್ರೂ ಯಾವಾಗ ಬೇಕಾದ್ರೂ ಲೇಖನ ಏರಿಸಬಹುದು. ನಮ್ಮಲ್ಲಿ ಅಷ್ಟು ನಂಬಿಕೆ ಇದೆ." ಕೆಳಗೆ ಸಾಲುಸಾಲು ಟಿಪ್ಪಣಿಗಳು. "ಸೂಪರ್", "ಒಗ್ಗಟ್ಟು ಅಂದ್ರೆ ಇದು", "ನಮಗೆಲ್ಲ ಮಾದರಿ"...

ನಾನೂ ಒಂದು ಟಿಪ್ಪಣಿ ಹಾಕೋಣ ಅಂತ ಶುರು ಮಾಡಿದೆ. ಉದ್ದ ಆಗ್ತಾ ಹೋಯ್ತು. ಸಿಟ್ಟೂ ಬಂತು. ಅವರ ಮೇಲಲ್ಲ, ನನ್ನ ಮೇಲೆ. ಯಾಕಂದ್ರೆ ಇದೇ ಮಾತನ್ನ ನಾನೂ ಒಂದು ಕಾಲದಲ್ಲಿ ಹೆಮ್ಮೆಯಿಂದ ಹೇಳ್ಕೊಂಡು ತಿರುಗಿದ್ದೆ. ಅಷ್ಟುದ್ದದ್ದನ್ನ ಇನ್ನೊಬ್ಬರ ಅಂಗಳದಲ್ಲಿ ಸುರಿಯೋದು ಸರಿಯಲ್ಲ ಅಂತ ಇಲ್ಲೇ ಬರೀತಿದೀನಿ.

ಹಳೇ ಓದುಗರಿಗೆ ನೆನಪಿರಬಹುದು, 2008ರಲ್ಲಿ ನಾವು ಐದು ಜನ ಸೇರಿ ಒಂದು ತಾಣ ಶುರು ಮಾಡಿದ್ವಿ. ತಾಲೂಕಿಗೊಬ್ಬರು: ಕೂಡ್ಲಿಗಿಯಿಂದ ಒಬ್ಬರು ಮೇಷ್ಟ್ರು, ಹಗರಿಬೊಮ್ಮನಹಳ್ಳಿಯ ಫೋಟೋ ಸ್ಟುಡಿಯೋ ಗೆಳೆಯ, ಹಡಗಲಿಯಿಂದ ಒಬ್ಬರು, ಹರಪನಹಳ್ಳಿಯಿಂದ ಒಬ್ಬರು, ಕೊಟ್ಟೂರಿನಿಂದ ನಾನು. (ಕೊಟ್ಟೂರು ಆಗಿನ್ನೂ ತಾಲೂಕೇ ಆಗಿರಲಿಲ್ಲ, ಆದರೂ ನಾವು ಬಿಡ್ತೀವಾ!) ಉದ್ದೇಶ ದೊಡ್ಡದೇನಲ್ಲ. ಬೀchi ಅಂತ ಎಲ್ಲರೂ ಓದಿದ ಬೀಚಿಯವರು ಹರಪನಹಳ್ಳಿಯವರು ಅನ್ನೋದು ನಮ್ಮ ಹುಡುಗರಿಗೇ ಗೊತ್ತಿಲ್ಲ. ಗುಡೇಕೋಟೆಯ ಕೋಟೆ, ಉಚ್ಚಂಗಿದುರ್ಗದ ಮೆಟ್ಟಿಲು, ಮೈಲಾರದ ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲೇರಿ ನುಡಿಯುವ ಕಾರ್ಣಿಕ, ಹಡಗಲಿ ಮಲ್ಲಿಗೆ, ಇವೆಲ್ಲ ಒಂದು ಕಡೆ ಸಿಗಲಿ ಅಂತ. ಎಲ್ಲಕ್ಕಿಂತ ಮುಖ್ಯವಾಗಿ ಹಾಡುಗಳು. ಬೀಸೋಕಲ್ಲಿನ ಪದ, ಸೋಬಾನೆ, ಗೊರವರ ಪದ. ಹಡಗಲಿಯ ಗೆಳೆಯರು ಮತ್ತು ಹರಪನಹಳ್ಳಿಯ ಗೆಳೆಯರು ಬೈಕಿನಲ್ಲಿ ಹಳ್ಳಿಹಳ್ಳಿ ಸುತ್ತಿ ಅಜ್ಜಿಯರ ಮುಂದೆ ಕೂತು ಧ್ವನಿಮುದ್ರಿಸಿದ್ದು ಒಟ್ಟು 41 ಹಾಡು.

ಹೋಸ್ಟಿಂಗ್ ತಗೊಂಡ್ವಿ. ಕಂಪನಿಯವರು ಒಂದು ಯೂಸರ್‌ನೇಮ್, ಒಂದು ಎಫ್‌ಟಿಪಿ ಪಾಸ್‌ವರ್ಡ್ ಕೊಟ್ರು. ಅದನ್ನ ನೆನಪಿಡೋದು ಕಷ್ಟ ಅಂತ ಬದಲಾಯಿಸಿ ಊರ ದೇವರ ಹೆಸರು ಹಾಕಿ ಮುಂದೆ 123 ಅಂತ ಇಟ್ವಿ. ದೇವರೇ ಕಾಯ್ತಾನೆ ಅಂತ ತಮಾಷೆ ಬೇರೆ. ಆ ಪಾಸ್‌ವರ್ಡ್ ಐದೂ ಜನರ ಮೊಬೈಲಿನಲ್ಲಿತ್ತು, ಸ್ಟುಡಿಯೋ ಗೋಡೆಯ ಕ್ಯಾಲೆಂಡರಿನ ಮೇಲಿತ್ತು, ಮೇಷ್ಟ್ರ ಶಾಲೆಯ ಗಣಕದಲ್ಲಿ "ನೆನಪಿಡು" ಅಂತ ಒತ್ತಿ ಉಳಿಸಿದ್ದು ಇತ್ತು. 1997ರಲ್ಲಿ ದಾವಣಗೆರೆಗೆ ಹೋಗಿದ್ದ ಹರಪನಹಳ್ಳಿ ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ನಾವೆಲ್ಲ ಸೇರಿ ವಿಜಯನಗರ ಜಿಲ್ಲೆ ಆದ್ವಿ. ಜಿಲ್ಲೆ ಬದಲಾಯ್ತು, ಪಾಸ್‌ವರ್ಡ್ ಬದಲಾಗಲಿಲ್ಲ :-)

2022ರ ಮಳೆಗಾಲದಲ್ಲಿ ಒಂದು ದಿನ ಬೆಂಗಳೂರಿನಲ್ಲಿರುವ ಓದುಗರೊಬ್ಬರು ಮಿಂಚಂಚೆ ಕಳಿಸಿದ್ರು. "ಗೂಗಲ್‌ನಲ್ಲಿ ನಿಮ್ಮ ತಾಣ ಹುಡುಕಿದ್ರೆ ಜಪಾನಿ ಅಕ್ಷರಗಳಲ್ಲಿ ಏನೋ ಬರ್ತಿದೆ, ನೋಡಿ." ನೋಡಿದ್ರೆ ಹೌದು. ನಮ್ಮ ವಿಳಾಸದ ಅಡಿಯಲ್ಲಿ ಸಾವಿರಾರು ಪುಟ. ಬೂಟು, ಕೈಗಡಿಯಾರ, ಚೀಲಗಳ ಜಾಹೀರಾತು, ಎಲ್ಲ ಜಪಾನಿನಲ್ಲಿ. ಎರಡು ದಿನ ನಾವೇ ಅಳಿಸಿದ್ವಿ. ಅಳಿಸಿದಷ್ಟೂ ಮತ್ತೆ ಹುಟ್ಟೋದು. ಮೂರನೇ ದಿನ ಹೋಸ್ಟಿಂಗ್‌ನವರು (ಹೆಸರು ಬೇಡ ಬಿಡಿ) ಖಾತೆಯನ್ನೇ ಮುಚ್ಚಿದ್ರು. ಬ್ಯಾಕಪ್ ಕೇಳಿದ್ರೆ ಅವರ ಹತ್ತಿರ ಇದ್ದದ್ದೂ ಕೆಟ್ಟುಹೋದ ಮೇಲಿನದ್ದೇ. ಲೇಖನಗಳು ನಮ್ಮ ನಮ್ಮ ಹಳೇ ಗಣಕಗಳಲ್ಲಿ ಬಹುಪಾಲು ಸಿಕ್ಕವು. 2017ರ ಫೆಬ್ರವರಿಯಲ್ಲಿ ಕೊಟ್ಟೂರು ತೇರು ಉರುಳಿದ ದಿನದ ಫೋಟೋಗಳು ಸ್ಟುಡಿಯೋದಲ್ಲಿದ್ದವು. ಹಾಡುಗಳು ಮಾತ್ರ 41ರಲ್ಲಿ 17 ಸಿಕ್ಕವು. ಉಳಿದ 24 ಹೋದವು. ಮತ್ತೆ ಹೋಗಿ ಹಾಡಿಸೋಣ ಅಂದ್ರೆ ಆ ಅಜ್ಜಿಯರಲ್ಲಿ ಹೆಚ್ಚಿನವರು ಈಗಿಲ್ಲ.

ಬ್ಯಾಕಪ್ ಇಟ್ಟುಕೊಳ್ಳದೇ ಇದ್ದದ್ದು ನಮ್ಮ ತಪ್ಪು, ಅದಕ್ಕೆ ಬೇರೆ ಲೇಖನವೇ ಬೇಕು. ನಾನು ಹೇಳಹೊರಟಿದ್ದು ಅದರ ನಂತರ ಆದದ್ದನ್ನ.

"ಯಾರಿಂದ ಹೋಯ್ತು?" ಅನ್ನೋ ಪ್ರಶ್ನೆ ಎದ್ದಿತು. ನಾವು ಕೇಳಿಕೊಂಡ ಮೇಲೆ ಹೋಸ್ಟಿಂಗ್‌ನವರು ಲಾಗ್ ಕಡತ ಕಳಿಸಿಕೊಟ್ಟರು. ಅದರಲ್ಲಿ ಏನಿರುತ್ತೆ ಹೇಳಿ? ಇದ್ದದ್ದೇ ಒಂದು ಯೂಸರ್‌ನೇಮ್. ಬಂದವನೂ ಅದೇ ಹೆಸರು, ಹೋದವನೂ ಅದೇ ಹೆಸರು. ಕಳ್ಳನೂ ಅದೇ ಹೆಸರು! ಐಪಿ ವಿಳಾಸ ನೋಡೋಣ ಅಂದ್ರೆ ನಾವೆಲ್ಲ ಮೊಬೈಲ್ ಡೇಟಾದಲ್ಲಿ ಕೆಲಸ ಮಾಡೋರು, ದಿನಕ್ಕೊಂದು ವಿಳಾಸ. ಲಾಗ್ ಏನೂ ಹೇಳದೇ ಇದ್ದಾಗ ಜನರ ಬಾಯಿ ಹೇಳೋಕೆ ಶುರು ಮಾಡಿತು. ಹರಪನಹಳ್ಳಿಯ ಗೆಳೆಯರು ಮಾತು ಕಡಿಮೆ. ಆ ತಿಂಗಳು ಅವರು ಹೊಸ ಲ್ಯಾಪ್‌ಟಾಪ್ ತಗೊಂಡಿದ್ರು, ಯಾವುದೋ ಉಚಿತ ತಂತ್ರಾಂಶ ಇಳಿಸಿಕೊಂಡಿದ್ರಂತೆ. ಅಷ್ಟೇ ಸಾಕಾಯ್ತು. ಯಾರೂ ಎದುರಿಗೆ ಅನ್ನಲಿಲ್ಲ. ವಾಟ್ಸಪ್ ಗುಂಪಿನಲ್ಲಿ "ಯಾರು ಏನು ಇಳಿಸ್ಕೊಂಡಿದ್ರಿ, ಸ್ವಲ್ಪ ಯೋಚ್ನೆ ಮಾಡ್ರಿ" ಅಂತ ಒಂದು ಸಂದೇಶ. ಅದನ್ನ ಬರೆದವನು ನಾನೇ. ಅವರು ಮಾರನೇ ದಿನ ಗುಂಪು ಬಿಟ್ರು. ಹದಿನಾಲ್ಕು ವರ್ಷದ ಗೆಳೆತನ.

ಅವರಿಂದ ಆಯ್ತಾ? ಗೊತ್ತಿಲ್ಲ. ಸ್ಟುಡಿಯೋ ಗಣಕದಿಂದಲೋ, ಶಾಲೆಯಿಂದಲೋ, ಕ್ಯಾಲೆಂಡರ್ ನೋಡಿದ ಯಾವುದೋ ಗಿರಾಕಿಯಿಂದಲೋ, ಅಥವಾ ಯಾರದ್ದೂ ತಪ್ಪಿಲ್ಲದೇ ಯಾವುದೋ ದೇಶದ ಯಂತ್ರವೊಂದು ಊಹೆ ಮಾಡಿಯೋ... ಇನ್ನು ಗೊತ್ತಾಗೋದೂ ಇಲ್ಲ. ಅವರು ತಪ್ಪು ಮಾಡಿಲ್ಲ ಅಂತ ತೋರಿಸೋಕೆ ಅವರ ಕೈಯಲ್ಲಿ ಏನೂ ಇರಲಿಲ್ಲ. ಮಾಡಿದಾರೆ ಅಂತ ಹೇಳೋಕೆ ನಮ್ಮ ಕೈಯಲ್ಲೂ ಇರಲಿಲ್ಲ. ಆದ್ರೂ ಹೋದವರು ಅವರೇ.

ಈಗ ಹೇಳಿ, "ನಮ್ಮಲ್ಲಿ ಅಷ್ಟು ನಂಬಿಕೆ ಇದೆ, ಅದಕ್ಕೇ ಒಂದೇ ಪಾಸ್‌ವರ್ಡ್" ಅನ್ನೋ ಮಾತಿಗೆ ನಾನು ಹೇಗೆ ಚಪ್ಪಾಳೆ ಹೊಡೀಲಿ? ಎಂಟು ಜನ ಒಂದು ಪಾಸ್‌ವರ್ಡ್ ಹಂಚಿಕೊಂಡರೆ ಒಬ್ಬರ ತಪ್ಪಿಗೆ ಉಳಿದ ಏಳೂ ಜನ ಅನುಮಾನಕ್ಕೆ ಸಿಗ್ತಾರೆ. ನಂಬಿಕೆ ಇದ್ದರೆ ಅದನ್ನ ಕಾಪಾಡೋ ಏರ್ಪಾಡೂ ಇರಬೇಕಲ್ಲ ಸ್ವಾಮಿ. ಅಣ್ಣತಮ್ಮಂದಿರೇ ಹೊಲ ಪಾಲು ಮಾಡಿಕೊಂಡಾಗ ಪತ್ರ ಮಾಡಿಸ್ತಾರೆ. ನಂಬಿಕೆ ಇಲ್ಲ ಅಂತಲಾ?

ಹೊಲದ ಮಾತು ಬಂತಲ್ಲ, ಒಂದು ಉದಾಹರಣೆ. 2000ದ ಆಸುಪಾಸಿನಲ್ಲಿ ನಮ್ಮ ರಾಜ್ಯದಲ್ಲಿ "ಭೂಮಿ" ಯೋಜನೆ ಬಂತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನ ಗಣಕಕ್ಕೆ ಹಾಕಿದ್ರು, 15 ರೂಪಾಯಿ ಕೊಟ್ಟರೆ ತಾಲೂಕು ಕಚೇರಿಯಲ್ಲಿ ಪ್ರಿಂಟ್ ಸಿಗೋದು. ಕೊಟ್ಟೂರಿನವರು ಆಗ ಕೂಡ್ಲಿಗಿಗೆ ಬಸ್ ಹತ್ತಬೇಕಿತ್ತು. ಆ ಸರತಿಯಲ್ಲಿ ಅಪ್ಪನ ಜೊತೆ ನಾನೂ ನಿಂತಿದ್ದೆ. ಆಗ ನನಗೆ ತಿಳಿಯದ ಸಂಗತಿ ಒಂದಿತ್ತು. ಆ ತಂತ್ರಾಂಶದ ಒಳಗೆ ಹೋಗಿ ದಾಖಲೆ ಮುಟ್ಟುವ ನೌಕರರಿಗೆ ಬರೀ ಪಾಸ್‌ವರ್ಡ್ ಸಾಲದು, ಬೆರಳಿನ ಗುರುತು ಕೊಡಬೇಕು ಅಂತ ಮಾಡಿದ್ರು. ಯಾಕೆ? ಪಾಸ್‌ವರ್ಡ್ ಒಂದೇ ಇದ್ರೆ ನಾಳೆ "ನಾನು ತಿದ್ದಿಲ್ಲ, ಯಾರೋ ನನ್ನ ಹೆಸರಿನಲ್ಲಿ ತಿದ್ದಿದಾರೆ" ಅಂತ ಯಾರು ಬೇಕಾದ್ರೂ ಹೇಳಬಹುದು. ಬೆರಳು ಕೊಟ್ಟವರು ಹಾಗನ್ನೋಕೆ ಬರಲ್ಲ. ಅದರ ಇನ್ನೊಂದು ಮುಖ ನೋಡಿ: ತಿದ್ದದೇ ಇದ್ದ ಗುಮಾಸ್ತನಿಗೂ ಅದೇ ರಕ್ಷಣೆ. ತಾಲೂಕು ಕಚೇರಿಯಲ್ಲಿ ಇದರಿಂದ ರಾಮರಾಜ್ಯ ಬಂತು ಅಂತ ನಾನು ಹೇಳ್ತಿಲ್ಲ (ನೀವೂ ನಂಬಲ್ಲ ಬಿಡಿ). ಆದರೆ ಇಪ್ಪತ್ತೈದು ವರ್ಷದ ಹಿಂದೆ ಪಹಣಿಗೆ ಬೇಕು ಅಂತ ಅರ್ಥವಾದದ್ದು ನಮ್ಮ ಸಾಹಿತ್ಯ ಬಳಗಗಳಿಗೆ ಇವತ್ತಿಗೂ ಅರ್ಥವಾಗಿಲ್ಲ.

ಜಾಲತಾಣಕ್ಕೆ ಆ ಬೆರಳಿನ ಗುರುತು ಅಂದ್ರೆ ಎಸ್‌ಎಸ್‌ಎಚ್ ಕೀ. ಇಲ್ಲೇ ನಮ್ಮ ಭಾಷಾಂತರದವರ ಮೇಲೆ ನನ್ನ ಎರಡನೇ ಜಗಳ. ಪಬ್ಲಿಕ್ ಕೀ, ಪ್ರೈವೇಟ್ ಕೀ ಅನ್ನೋದನ್ನ "ಸಾರ್ವಜನಿಕ ಕೀಲಿ", "ಖಾಸಗಿ ಕೀಲಿ" ಅಂತ ಬರೀತಾರೆ. ಬೆಂಗಳೂರು ಮೈಸೂರಿನವರಿಗೆ ಅದು ಹೇಗೆ ಕೇಳುತ್ತೋ ಗೊತ್ತಿಲ್ಲ. ಅವರಿಗೆ ಬೀಗ, ಬೀಗದ ಕೈ. ನಮ್ಮ ಕಡೆ ಕೀಲಿ ಅಂದ್ರೆ ಬಾಗಿಲಿಗೆ ಹಾಕೋದು, ತೆಗೆಯೋದು ಕೀಲಿಕೈ. "ಕೀಲಿ ಹಾಕ್ಕೊಂಡ್ ಬಾ" ಅಂದ್ರೆ ಬಾಗಿಲು ಭದ್ರ ಮಾಡ್ಕೊಂಡ್ ಬಾ ಅಂತ. (ಕೀಲಿಮಣೆ ಅನ್ನೋ ಪದ ಮೊದಲ ಸಲ ಕೇಳಿದಾಗ ನಮ್ಮಜ್ಜಿ ಕೀಲಿ ಹಾಕೋ ಮಣೆನಾ ಅಂತ ಕೇಳಿದ್ರು!) ಹೀಗಿರೋವಾಗ "ನಿಮ್ಮ ಸಾರ್ವಜನಿಕ ಕೀಲಿಯನ್ನು ಕಳಿಸಿ" ಅಂದ್ರೆ ಮನುಷ್ಯ ಗೊಂದಲಕ್ಕೆ ಬೀಳದೇ ಇರ್ತಾನಾ? ಕೀ ಎರಡು ಯಾಕೆ, ಅದರಲ್ಲಿ ಒಂದನ್ನ ಎಲ್ಲರಿಗೂ ಕೊಡೋದು ಯಾಕೆ?

ನಮ್ಮೂರ ಮಾತಿನಲ್ಲೇ ಹೇಳಿ ನೋಡಿ. ಪಬ್ಲಿಕ್ ಕೀ ಅಂದ್ರೆ ಕೀಲಿ. ಪ್ರೈವೇಟ್ ಕೀ ಅಂದ್ರೆ ಕೀಲಿಕೈ. ಮುಗೀತು! ಕೀಲಿಯನ್ನ ಎಷ್ಟು ಬಾಗಿಲಿಗೆ ಬೇಕಾದ್ರೂ ಹಾಕಿ, ಬೀದಿಯಲ್ಲಿ ನಿಂತು ಎಲ್ಲರಿಗೂ ತೋರಿಸಿ, ಯಾರೂ ಏನೂ ಮಾಡೋಕಾಗಲ್ಲ. ಕೀಲಿಕೈ ಮಾತ್ರ ನಿಮ್ಮ ಉಡಿಯಲ್ಲೇ ಇರಬೇಕು. ಸಂತೆಯಲ್ಲಿ ಕೀಲಿ ನೋಡಿಯೇ ಕೀಲಿಕೈ ಮಾಡಿಕೊಡೋರು ಇರ್ತಾರೆ, ಈ ಕೀಲಿಗೆ ಮಾತ್ರ ಅದು ಸಾಧ್ಯವಿಲ್ಲ, ಲೆಕ್ಕವೇ ಹಾಗಿದೆ. ಇನ್ನೊಂದು ವಿಶೇಷ, ಬಾಗಿಲು ತೆಗೆಯೋವಾಗಲೂ ಕೀಲಿಕೈ ನಿಮ್ಮ ಗಣಕ ಬಿಟ್ಟು ಹೊರಗೆ ಹೋಗಲ್ಲ. ನಿಮ್ಮ ಗಣಕ ಅದರಿಂದ ಒಂದು ಸಹಿ ಮಾಡಿ ಕಳಿಸುತ್ತೆ, ಸರ್ವರ್ ಆ ಸಹಿಯನ್ನ ತನ್ನ ಹತ್ತಿರ ಇರೋ ಕೀಲಿಯ ಜೊತೆ ತಾಳೆ ನೋಡುತ್ತೆ, ಅಷ್ಟೇ. ಒಂದೇ ಬಾಗಿಲಿಗೆ ಐದು ಜನರ ಐದು ಕೀಲಿ ಹಾಕಬಹುದು. ಯಾರ ಕೀಲಿಕೈ ತಂದರೂ ತೆರೆಯುತ್ತೆ, ಆದರೆ ಯಾವುದು ತೆರೀತು ಅನ್ನೋದು ಬರೆದಿಡಲ್ಪಡುತ್ತೆ. ನಮ್ಮ ಕಥೆಯಲ್ಲಿ ಇರಲಾರದೇ ಇದ್ದದ್ದು ಇದೇ.

ಎಫ್‌ಟಿಪಿ ಪಾಸ್‌ವರ್ಡಿನ ವಿಷಯ ಹೇಳಿಬಿಡ್ತೀನಿ. ಈಗಲೂ ಬಳಕೆಯಲ್ಲಿರುವ ಎಫ್‌ಟಿಪಿ ನಿಯಮಗಳು 1985ರವು. ಪಾಸ್‌ವರ್ಡ್ ಬರೆದಿದ್ದು ಬರೆದ ಹಾಗೇ ತಂತಿಯಲ್ಲಿ ಹೋಗುತ್ತೆ, ಪೋಸ್ಟ್‌ಕಾರ್ಡಿನ ಹಾಗೆ, ನಡುವೆ ಯಾರು ಬೇಕಾದ್ರೂ ಓದಬಹುದು. 1995ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ ಯಾರೋ ಹಾಗೆ ಜಾಲದಲ್ಲಿ ಕದ್ದು ಕೂತು ಪಾಸ್‌ವರ್ಡ್ ಓದಿದ್ದರಿಂದಲೇ ಟಾಟು ಯೂಲೋನೆನ್ ಅನ್ನೋರು ಎಸ್‌ಎಸ್‌ಎಚ್ ಬರೆದದ್ದು. 1999ರಲ್ಲಿ ಓಪನ್‌ಬಿಎಸ್‌ಡಿ ತಂಡದವರು ಎಲ್ಲರಿಗೂ ಮುಕ್ತವಾಗಿ ಓಪನ್‌ಎಸ್‌ಎಸ್‌ಎಚ್ ಕೊಟ್ರು. ಅಂದ್ರೆ ನಾವು ತಾಣ ಶುರು ಮಾಡಿದ 2008ಕ್ಕೆ ಇದೆಲ್ಲ ಹಳೇ ವಿಷಯ. ನಮಗೆ ಹೇಳೋರಿರಲಿಲ್ಲ. ಮರುವರ್ಷವೇ, 2009ರಲ್ಲಿ, ಗಂಬ್ಲರ್ ಅನ್ನೋ ಪಿಡುಗು ಬಂದು ಜನರ ವಿಂಡೋಸ್ ಗಣಕಗಳಿಂದ ಎಫ್‌ಟಿಪಿ ಪಾಸ್‌ವರ್ಡ್ ಕದ್ದು ತಾಣಗಳನ್ನ ಕೆಡಿಸಿತು. ಆಗಿನ ಬ್ಲಾಗಿಗರಿಗೆ ಇನ್ನೊಂದು ನೆನಪಿರಬೇಕು: ಬ್ಲಾಗರ್‌ನಲ್ಲಿ ಬರೆದದ್ದನ್ನ ಎಫ್‌ಟಿಪಿ ಮೂಲಕ ನಮ್ಮ ಸ್ವಂತ ತಾಣಕ್ಕೆ ಕಳಿಸೋ ಸೌಲಭ್ಯ ಇತ್ತು, 2010ರ ಮೇ ತಿಂಗಳಲ್ಲಿ ಗೂಗಲ್ ಅದನ್ನ ನಿಲ್ಲಿಸಿದಾಗ ನಾವೆಲ್ಲ ಎಷ್ಟು ಗೋಳಾಡಿದ್ವಿ!

"ಗಟ್ಟಿ ಪಾಸ್‌ವರ್ಡ್ ಇಟ್ಟರೆ ಸಾಕು" ಅನ್ನೋರಿಗೆ ಒಂದು ಮಾತು. ನೀವು ಗಟ್ಟಿ ಇಡ್ತೀರಿ, ಅದನ್ನ ಗುರುತಿಸೋ ಸಾಮಾನು ಹೋಸ್ಟಿಂಗ್‌ನವರ ಹತ್ತಿರವೂ ಇರಬೇಕಲ್ಲ? 2021ರ ನವೆಂಬರಿನಲ್ಲಿ ಗೋಡ್ಯಾಡಿ ಕಂಪನಿಯೇ ಹೇಳಿಕೊಂಡ ಪ್ರಕಾರ ಅದರ ವರ್ಡ್‌ಪ್ರೆಸ್ ಹೋಸ್ಟಿಂಗಿನ 12 ಲಕ್ಷದಷ್ಟು ಗ್ರಾಹಕರ ವಿವರ ಕಳ್ಳರಿಗೆ ಸಿಕ್ಕಿತ್ತು, ಬಳಕೆಯಲ್ಲಿದ್ದ ಖಾತೆಗಳ ಎಸ್‌ಎಫ್‌ಟಿಪಿ ಪಾಸ್‌ವರ್ಡ್‌ಗಳೂ ಅದರಲ್ಲಿದ್ದವು. ಅಲ್ಲಿ ನಿಮ್ಮ ಕೀಲಿ ಮಾತ್ರ ಇದ್ದಿದ್ರೆ ಕಳ್ಳನಿಗೆ ಸಿಗೋದು ಕೀಲಿ ಮಾತ್ರ. ಅದನ್ನ ತಗೊಂಡು ಏನ್ ಮಾಡ್ತಾನೆ, ಕೊರಳಿಗೆ ಹಾಕ್ಕೊಳ್ತಾನಾ? ಇನ್ನು "ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಿ" ಅಂತ ಈಗಲೂ ಉಪದೇಶ ಮಾಡೋ ಲೇಖನಗಳಿವೆ. ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆ 2017ರಲ್ಲೇ ಆ ಸಲಹೆ ಕೈಬಿಟ್ಟಿತು. ಬದಲಿಸು ಅಂದ್ರೆ ಜನ 123 ಇದ್ದದ್ದನ್ನ 124 ಮಾಡ್ತಾರೆ, ಅಷ್ಟೇ.

ಮಾಡೋದು ಕಷ್ಟವಾ? ಇಲ್ಲ. ವಿಂಡೋಸ್ 10ರಲ್ಲಿ 2018ರಿಂದಲೇ ಇದರ ತಂತ್ರಾಂಶ ಒಳಗೇ ಬರುತ್ತೆ, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಮೊದಲಿಂದಲೂ ಇದೆ. ಕಪ್ಪು ಕಿಟಕಿ ತೆಗೆದು ಎಸ್‌ಎಸ್‌ಎಚ್-ಕೀಜೆನ್ ಅಂತ ಬರೆದು, ಮುಂದೆ -ಟಿ ಇಡಿ25519 ಅಂತ ಕೊಟ್ಟು, -ಸಿ ಹಾಕಿ ಉದ್ಧರಣ ಚಿಹ್ನೆಯ ಒಳಗೆ ಯಾರದು ಯಾವ ಯಂತ್ರದ್ದು ಅಂತ ಬರೆಯಿರಿ, ಉದಾಹರಣೆಗೆ "ಹಡಗಲಿ-ಲ್ಯಾಪ್‌ಟಾಪ್". (ನಾನು ಕನ್ನಡದಲ್ಲಿ ಬರೆದಿದ್ದೀನಿ ಅಂತ ಕಮಾಂಡನ್ನ ಕನ್ನಡದಲ್ಲೇ ಟೈಪ್ ಮಾಡಿ ನನಗೆ ಬೈಬೇಡಿ, ಅಲ್ಲಿ ಇಂಗ್ಲಿಷ್ ಸಣ್ಣಕ್ಷರವೇ, -ಸಿ ಮಾತ್ರ ದೊಡ್ಡಕ್ಷರ.) ಎರಡು ಕಡತ ಹುಟ್ಟುತ್ತವೆ. ಹೆಸರಿನ ಕೊನೆಗೆ ಡಾಟ್ ಪಬ್ ಅಂತ ಇರೋದು ಕೀಲಿ. ಅದಿಲ್ಲದೇ ಇರೋದು ಕೀಲಿಕೈ. ಕೀಲಿ ಒಂದೇ ಸಾಲಿನದು. ಸರ್ವರಿನಲ್ಲಿ ಅಥರೈಜ್ಡ್_ಕೀಸ್ ಅನ್ನೋ ಕಡತದಲ್ಲಿ ಆ ಸಾಲು ಸೇರಿಸಿದ್ರೆ ಆಯ್ತು. ಒಬ್ಬರಿಗೆ ಒಂದು ಸಾಲು. ಮೊಬೈಲಿಗೆ ಬೇರೆ ಸಾಲು, ಲ್ಯಾಪ್‌ಟಾಪಿಗೆ ಬೇರೆ ಸಾಲು. ಕೀಲಿಕೈಯನ್ನ ಒಂದು ಯಂತ್ರದಿಂದ ಇನ್ನೊಂದಕ್ಕೆ ನಕಲು ಮಾಡಬೇಡಿ, ಹೊಸದೇ ಮಾಡಿ, ಪುಕ್ಕಟೆ ಅಲ್ವಾ. ನಾಳೆ ಮೊಬೈಲು ಬಸ್‌ಸ್ಟ್ಯಾಂಡಿನಲ್ಲಿ ಹೋಯ್ತು ಅಂದ್ರೆ ಆ ಒಂದು ಸಾಲು ಅಳಿಸಿ. ಉಳಿದ ನಾಲ್ಕು ಜನರಿಗೆ ಗೊತ್ತೇ ಆಗಲ್ಲ. ಬಳಗ ಬಿಟ್ಟು ಹೋದವರದ್ದೂ ಅಷ್ಟೇ, ಮನಸ್ತಾಪವಿಲ್ಲದೇ ಒಂದು ಸಾಲು.

ಮಾಡೋವಾಗ ಅದು ಪಾಸ್‌ಫ್ರೇಸ್ ಕೇಳುತ್ತೆ. ಖಾಲಿ ಬಿಡಬೇಡಿ. ಲ್ಯಾಪ್‌ಟಾಪೇ ಕಳ್ಳತನವಾದ್ರೆ ಕೀಲಿಕೈಗೆ ಉಳಿಯೋ ಕಾವಲು ಅದೊಂದೇ. ಇಲ್ಲಿ ಕನ್ನಡಿಗರಿಗೆ ಮಾತ್ರ ಬರೋ ಒಂದು ತೊಂದರೆ ಇದೆ. ಅಭಿಮಾನದಿಂದ ಪಾಸ್‌ಫ್ರೇಸನ್ನ ಕನ್ನಡ ಲಿಪಿಯಲ್ಲೇ ಹಾಕೋಣ ಅಂತ ನಾನು ಹೋಗಿ ಸಿಕ್ಕಿಬಿದ್ದೆ. "ಕೋ" ಅಕ್ಷರದ ಓಕಾರವನ್ನ ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಮೂರು ತುಂಡಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ, ಗಣಕಕ್ಕೆ ಬೇರೆ ಬೇರೆ. "ಪಾಸ್‌ವರ್ಡ್" ಅಂತ ಒತ್ತಕ್ಷರ ಆಗದ ಹಾಗೆ ಬರೀತೀವಲ್ಲ, ಅದರ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿರುತ್ತೆ. ಒಂದು ಕೀಲಿಮಣೆ ತಂತ್ರಾಂಶ ಅದನ್ನ ಹಾಕುತ್ತೆ, ಇನ್ನೊಂದು ಹಾಕಲ್ಲ. ಮೊದಲೇ ಪಾಸ್‌ಫ್ರೇಸ್ ಒತ್ತೋವಾಗ ಪರದೆ ಮೇಲೆ ಏನೂ ಕಾಣಲ್ಲ. ಗಣಕ ಬದಲಾಯಿಸಿದ ದಿನ ನಿಮ್ಮ ಕೀಲಿಕೈ ನಿಮಗೇ ಕೈ ಕೊಡುತ್ತೆ. ಅದಕ್ಕೆ ಕನ್ನಡ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೀರಿ, ಅದೂ ಪುಸ್ತಕದ ಕನ್ನಡ ಬೇಡ. ನಿಮ್ಮ ಮನೆಯಲ್ಲಿ ಮಾತ್ರ ಆಡೋ ಆರೇಳು ಪದದ ಒಂದು ವಾಕ್ಯ. ನಮ್ಮವ್ವ ಎಮ್ಮೆಗೆ ಬೈಯೋ ಬೈಗುಳ ಯಾವ ಹ್ಯಾಕರ್‌ನ ನಿಘಂಟಿನಲ್ಲೂ ಇರಲಿಕ್ಕಿಲ್ಲ :-)

ಹೋಸ್ಟಿಂಗ್‌ನವರ ಮೇಲೂ ದೂರಿದೆ. ಸಿಪ್ಯಾನೆಲ್ ಇರೋ ಕಡೆ "ಎಸ್‌ಎಸ್‌ಎಚ್ ಆಕ್ಸೆಸ್" ಅಂತ ಒಂದು ಗುಂಡಿ ಇರುತ್ತೆ. ಅದರಲ್ಲಿ "ಜನರೇಟ್" ಒತ್ತಿದ್ರೆ ಕೀಲಿ, ಕೀಲಿಕೈ ಎರಡೂ ಸರ್ವರಿನಲ್ಲೇ ಹುಟ್ಟುತ್ತವೆ. ಕೀಲಿಕೈಯನ್ನ ನೀವು ಇಳಿಸಿಕೊಳ್ಳಬೇಕಂತೆ, ಮೂಲ ಅಲ್ಲೇ ಉಳಿಯುತ್ತೆ. ಬಾಗಿಲಿಗೆ ಕೀಲಿ ಹಾಕಿ ಕೀಲಿಕೈಯನ್ನ ಪಕ್ಕದ ಮೊಳೆಗೆ ನೇತುಹಾಕಿದ ಹಾಗೆ! ಆ ಗುಂಡಿ ಬಿಟ್ಟು "ಇಂಪೋರ್ಟ್" ಒತ್ತಿ, ನಿಮ್ಮ ಮನೆಯಲ್ಲಿ ಮಾಡಿದ ಡಾಟ್ ಪಬ್ ಸಾಲನ್ನ ಮಾತ್ರ ಅಂಟಿಸಿ. ಆಮೇಲೆ "ಆಥರೈಜ್" ಒತ್ತೋದು ಮರೀಬೇಡಿ, ಅಲ್ಲಿ ಎಲ್ಲರೂ ಎಡವುತ್ತಾರೆ, ನಾನು ಅರ್ಧ ದಿನ ಎಡವಿದೆ. ಸ್ವಂತ ವಿಪಿಎಸ್ ಇದ್ದವರು ಡಾಟ್ ಎಸ್‌ಎಸ್‌ಎಚ್ ಫೋಲ್ಡರಿಗೆ 700, ಒಳಗಿನ ಅಥರೈಜ್ಡ್_ಕೀಸ್ ಕಡತಕ್ಕೆ 600 ಅನುಮತಿ ಕೊಡಿ. ಬೇರೆಯವರು ಬರೆಯೋ ಹಾಗೆ ಸಡಿಲ ಬಿಟ್ಟಿದ್ರೆ ಸರ್ವರ್ ಯಾಕೆ ಅಂತಲೂ ಹೇಳದೇ ಬಾಗಿಲು ಮುಚ್ಚುತ್ತೆ. ಕೀಲಿಕೈಯಿಂದ ಒಳಗೆ ಹೋಗೋದು ಖಚಿತವಾದ ಮೇಲೆ ಪಾಸ್‌ವರ್ಡ್ ಲಾಗಿನ್ ಪೂರ್ತಿ ತೆಗೆದುಬಿಡಿ. ಆದರೆ ಒಂದು ಕಿಟಕಿಯಲ್ಲಿ ಒಳಗೇ ಇದ್ದು, ಇನ್ನೊಂದು ಕಿಟಕಿಯಿಂದ ಹೊಸದಾಗಿ ಬಂದು ನೋಡಿ. ಒಳಗಿನಿಂದ ಚಿಲಕ ಹಾಕಿ ಹೊರಗೆ ನಿಂತ ಹಾಗಾಗಬಾರದು.

ಇನ್ನು ಬರಬಹುದಾದ ಆಕ್ಷೇಪಗಳು. "ಇದೆಲ್ಲ ಇಂಜಿನಿಯರುಗಳ ಕೆಲಸ." ಕೂಡ್ಲಿಗಿ ಮೇಷ್ಟ್ರಿಗೆ ಈಗ ಅರವತ್ತೆರಡು, ಕನ್ನಡ ಪಂಡಿತರು. ಫೋನಿನಲ್ಲಿ ಇಪ್ಪತ್ತು ನಿಮಿಷ ಹೇಳಿದ್ದಕ್ಕೆ ಮಾಡಿದ್ರು. ಮೊದಲು "ಯಾಕಪ್ಪಾ, ನಮ್ ಮ್ಯಾಲ ನಂಬಿಕಿ ಹೋತೇನು?" ಅಂದ್ರು. ಕೀಲಿ, ಕೀಲಿಕೈ ಅಂತ ಹೇಳಿದ ಮೇಲೆ "ಹಂಗಂತ ಮೊದ್ಲ ಹೇಳಬೇಕಿಲ್ಲೇನು, ನಾ ಏನೋ ಇಂಗ್ಲೀಷ್ ಅಂದ್ಕಂಡೆ" ಅಂದ್ರು.

"ಕೀಗಳೂ ಮುರಿದ ಉದಾಹರಣೆ ಇದೆಯಲ್ಲ?" ಇದೆ. ಡೆಬಿಯನ್ ಲಿನಕ್ಸಿನಲ್ಲಿ 2006ರಿಂದ 2008ರ ಮೇವರೆಗೆ ಒಂದು ತಿದ್ದುಪಡಿಯ ಎಡವಟ್ಟಿನಿಂದ ಹುಟ್ಟಿದ ಕೀಗಳು ಬಗೆಗೆ 32,767 ಮಾತ್ರ ಇದ್ದವು, ಕೂತು ಒಂದೊಂದನ್ನೇ ಹಾಕಿ ನೋಡಬಹುದಿತ್ತು. ಸಿಕ್ಕ ಕೂಡಲೇ ಎಲ್ಲರೆದುರು ಒಪ್ಪಿಕೊಂಡು ಸರಿಮಾಡಿದ್ರು, ಹಳೇ ಕೀ ಎಸೆದು ಹೊಸದು ಮಾಡಿಕೊಳ್ಳಿ ಅಂದ್ರು. ನಮ್ಮ 123 ಹದಿನಾಲ್ಕು ವರ್ಷ ಹಾಗೇ ಇತ್ತು ಅನ್ನೋದನ್ನ ಇದರ ಪಕ್ಕ ಇಟ್ಟು ನೋಡಿ.

"ನೀವೇ ಪುಕ್ಕಟೆ ಬ್ಲಾಗಿನಲ್ಲಿ ಬರೀತೀರಿ, ಇಲ್ಲಿ ಎಸ್‌ಎಸ್‌ಎಚ್ ಎಲ್ಲಿದೆ?" ನಿಜ, ಇಲ್ಲಿಲ್ಲ. ನನ್ನೊಬ್ಬನ ಹರಟೆಗೆ ಇದು ಸಾಕು. ಇಲ್ಲೂ ಎರಡು ಹಂತದ ಲಾಗಿನ್ ಹಾಕಿಕೊಂಡಿದ್ದೀನಿ, ಇಲ್ಲೂ ಗುಂಪು ಬ್ಲಾಗ್ ಮಾಡೋವಾಗ ನಿಮ್ಮ ಪಾಸ್‌ವರ್ಡ್ ಕೊಡದೇ ಲೇಖಕರನ್ನ ಅವರವರ ಹೆಸರಿನಲ್ಲೇ ಸೇರಿಸೋ ಸೌಲಭ್ಯ ಇದೆ, ಎಷ್ಟು ಜನ ಬಳಸ್ತೀರಿ? ಆದರೆ ಬಳಗ ಕಟ್ಟಿ, ಹಣ ಹಾಕಿ, ಊರಿನ ಹಾಡು ತಂದು ಇಡ್ತೀವಿ ಅನ್ನೋರು ಬೇರೆ. ಅದು ನಿಮ್ಮ ಸ್ವತ್ತಲ್ಲ.

ಕೀಲಿಕೈ ಮಾಡಿಕೊಂಡ ಮಾತ್ರಕ್ಕೆ ಎಲ್ಲ ಮುಗೀತು ಅಂತಲೂ ಅಲ್ಲ. ವರ್ಡ್‌ಪ್ರೆಸ್‌ನ ಹಳೇ ಪ್ಲಗಿನ್ ಮೂಲಕ ಕಳ್ಳ ಬಂದ್ರೆ ಎಸ್‌ಎಸ್‌ಎಚ್ ಏನೂ ಮಾಡಲ್ಲ. ಸಿಪ್ಯಾನೆಲ್‌ನ ಪಾಸ್‌ವರ್ಡ್ 123 ಇದ್ರೆ ಮುಂಬಾಗಿಲಿಗೆ ಕೀಲಿ ಹಾಕಿ ಹಿತ್ತಲು ತೆರೆದಿಟ್ಟ ಹಾಗೆ. ಮತ್ತೆ, ನಮ್ಮ ಊರುಗಳಲ್ಲಿ ತಾಣ ಮಾಡಿಕೊಡೋ ಡಿಟಿಪಿ ಅಂಗಡಿಗಳಿವೆಯಲ್ಲ, ಅವರು ಡೊಮೈನು, ಹೋಸ್ಟಿಂಗು, ಪಾಸ್‌ವರ್ಡು ಎಲ್ಲ ತಮ್ಮ ಹೆಸರಿನಲ್ಲೇ ಇಟ್ಟುಕೊಂಡು "ನಿಮಗ್ಯಾಕ್ರೀ ಆ ತಲೆನೋವು" ಅಂತಾರೆ. ಅಂಗಡಿ ಮುಚ್ಚಿದ ದಿನ ತಾಣವೂ ಮುಚ್ಚಿತು. ಶಾಲೆ, ಮಠ, ಸಂಘ ಅಂತ ಇಂಥವು ನಮ್ಮ ಐದೂ ತಾಲೂಕಿನಲ್ಲಿ ನಾನೇ ಕಣ್ಣಾರೆ ಕಂಡಿದ್ದೀನಿ. ಕೆಲಸ ಮಾಡೋರಿಗೆ ಅವರ ಕೀಲಿಗೆ ಒಂದು ಸಾಲು ಕೊಡಿ. ಮನೆ ಕಟ್ಟೋ ಮೇಸ್ತ್ರಿಗೆ ಮನೆಯ ಪತ್ರ ಕೊಡ್ತೀರಾ?

ನಮ್ಮ ತಾಣ ಹೋದ ವರ್ಷ ಮತ್ತೆ ಎದ್ದಿದೆ, ಸಣ್ಣ ವಿಪಿಎಸ್ ಮೇಲೆ. ಕಡತದಲ್ಲಿ ಈಗ ಆರು ಸಾಲು: ನಾಲ್ಕು ಜನ, ಅದರಲ್ಲಿ ಇಬ್ಬರದು ಮೊಬೈಲ್ ಬೇರೆ. ಸ್ಟುಡಿಯೋ ಗೆಳೆಯ ಮೊನ್ನೆ ತಪ್ಪಿ ಒಂದು ಫೋಲ್ಡರ್ ಅಳಿಸಿದ. ಲಾಗಿನಲ್ಲಿ ಅವನ ಕೀಲಿಯ ಗುರುತು ಕಂಡಿತು, ಕೇಳಿದ್ದಕ್ಕೆ "ಹೌದಲೇ, ನಾನೇ" ಅಂದ, ಬ್ಯಾಕಪ್‌ನಿಂದ ತಂದ್ವಿ, ಹತ್ತು ನಿಮಿಷದಲ್ಲಿ ಮುಗೀತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಹರಪನಹಳ್ಳಿಯ ಸಾಲು ಇನ್ನೂ ಬಂದಿಲ್ಲ. ಎರಡು ತಿಂಗಳ ಹಿಂದೆ ಅವರ ಮನೆಗೆ ಹೋಗಿದ್ದೆ. ತಪ್ಪಾಯ್ತು ಅಂದೆ. ಮಂಡಕ್ಕಿ ಮಿರ್ಚಿ ತರಿಸಿದ್ರು, ಮಕ್ಕಳ ಓದು ಕೇಳಿದ್ರು, ಬಸ್‌ಸ್ಟ್ಯಾಂಡಿನವರೆಗೆ ಬಂದು ಬಿಟ್ಟು ಹೋದ್ರು. ತಾಣದ ಮಾತು ಮಾತ್ರ ಎತ್ತಲಿಲ್ಲ, ನಾನೂ ಎರಡನೇ ಸಲ ಎತ್ತಲಿಲ್ಲ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯವರು ಯಾರಾದ್ರೂ ಹಳೇ ಹಾಡು, ಫೋಟೋ ಇದ್ದು ನಮ್ಮ ಜೊತೆ ಸೇರ್ತೀನಿ ಅಂದ್ರೆ ಟಿಪ್ಪಣಿಯಲ್ಲಿ ತಿಳಿಸಿ. ಡಾಟ್ ಪಬ್ ಇರೋ ಕಡತ ಕಳಿಸಿ. ದಯವಿಟ್ಟು ಇನ್ನೊಂದನ್ನ ಕಳಿಸಬೇಡಿ, ಹೋದ ತಿಂಗಳು ಇಬ್ಬರು ಅದನ್ನೇ ಕಳಿಸಿದ್ರು!